ಉಡಿದಾರ ಬಿಗಿಯಾದಾಗ

ಕೊಟ್ಟೂರಿನ ತೇರು ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ಬರುವ ನೆಂಟರಿಗಾಗಿ ಜೋಳ ಬೀಸಿಸಿ ಹಿಟ್ಟಿನ ಡಬ್ಬಿ ತುಂಬಿಡುವುದು ಒಂದು. ಮೊಮ್ಮಕ್ಕಳಿಗೆ ಹೊಸ ಉಡಿದಾರ ಕಟ್ಟುವುದು ಇನ್ನೊಂದು. ಮೊದಲನೆಯದು ನನ್ನ ಪಾಲಿಗೆ, ಎರಡನೆಯದು ನನ್ನ ಹೆಂಡತಿಯ ಪಾಲಿಗೆ.

ಹೋದ ವರ್ಷ ತೇರಿಗೆ ಹೊಸಪೇಟೆಯಿಂದ ಮಗಳ ಮಗ ಬಂದ. ವಯಸ್ಸು 14, ಎಂಟನೇ ತರಗತಿ. ಅಜ್ಜಿ ಪೇಟೆಯಿಂದ ತಂದಿದ್ದ ಕರಿಯ ಉಡಿದಾರ ಅವನ ಸೊಂಟ ಸುತ್ತಿ ಬಂದು ಗಂಟಿಗೆ ಸಿಗಲೇ ಇಲ್ಲ. ಅವಳಿಗೆ ಹಿಗ್ಗೋ ಹಿಗ್ಗು. "ನೋಡ್ರಿ, ನಮ್ಮ ಹುಡುಗ ಈಗ ಮೈಗೆ ಹತ್ಯಾನ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ನಾನಾದರೂ ಸುಮ್ಮನಿದ್ದೆನೇ? "ಇವನಿಗೆ ಉಡಿದಾರ ಸಾಲಲ್ಲ, ತೇರಿನ ಹಗ್ಗನಽ ಬೇಕು" ಎಂದೆ. ಪಡಸಾಲೆಯಲ್ಲಿದ್ದ ನೆಂಟರೆಲ್ಲ ನಕ್ಕರು. ಹುಡುಗನೂ ನಕ್ಕ. ಆಮೇಲೆ ಅಂಗಿಯನ್ನು ಕೆಳಕ್ಕೆ ಎಳೆದುಕೊಳ್ಳುತ್ತಾ ಒಳಗೆ ಹೋದ. ಅವನು ಹಾಗೆ ಹೋದದ್ದು ಏಕೆ ಎಂಬುದು ನನಗೆ ತಿಳಿದದ್ದು ತಡವಾಗಿ.

ಮಧ್ಯಾಹ್ನ ಊಟವಾಗಿ ಒಂದು ಗಂಟೆ ಕಳೆದ ಮೇಲೆ ಎಂದಿನಂತೆ ನನ್ನ ಬಿಪಿ ನೋಡಿಕೊಳ್ಳಲು ಕೂತೆ. ನನಗೆ ಹತ್ತು ವರ್ಷದಿಂದ ಬಿಪಿ ಮಾತ್ರೆ ಇದೆ, ಮನೆಯಲ್ಲೇ ಒಂದು ಮಿಷನ್ ಇದೆ. ಮೊಮ್ಮಗ ಪಕ್ಕದಲ್ಲಿ ಬಂದು ಕೂತು, "ಅಜ್ಜಾ, ನಂದೂ ನೋಡು" ಎಂದು ತೋಳು ಚಾಚಿದ. ಆಟಕ್ಕೆಂದು ಪಟ್ಟಿ ಸುತ್ತಿದೆ. ಮಿಷನ್ ಗುಂಯ್‌ಗುಟ್ಟಿ ನಿಂತಿತು: 142/88.

ಶೆಲ್ಲು ಇಳಿದಿರಬೇಕು ಎಂದು ಹೊಸ ಶೆಲ್ಲು ಹಾಕಿದೆ. 140/86 ಬಂತು. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಹುಡುಗರಿಗೆ ಎಲ್ಲಿ ಬಿಪಿ ಬರ್ತೈತ್ರೀ? ನಿಮ್ಮ ಮಿಷನ್ ಕೆಟ್ಟೈತಿ" ಎಂದಳು. ಅವಳ ಮಾತೇ ನಿಜವಾಗಲಿ ಎಂದು ನನಗೂ ಅನ್ನಿಸಿತು.

ಆದರೆ ನಾನು ಅಳತೆ ಮಾಡುತ್ತಲೇ ಬದುಕಿದವನು. ಮೇಷ್ಟ್ರಾಗಿ ಕೂಡ್ಲಿಗಿಯಲ್ಲಿ ಶುರು ಮಾಡಿ ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಸುತ್ತಿ ಕೊಟ್ಟೂರಿನಲ್ಲಿ ನಿವೃತ್ತನಾದೆ. ನಾನು ಸೇರಿದಾಗ ಕೊಟ್ಟೂರು ಕೂಡ್ಲಿಗಿ ತಾಲೂಕಿನ ಒಳಗಿತ್ತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ಊರುಗಳು ವಿಜಯನಗರ ಜಿಲ್ಲೆಗೆ ಸೇರಿದವು. ಜಿಲ್ಲೆಯ ಹೆಸರು ಬದಲಾದರೂ ನನ್ನ ಕೆಲಸ ಬದಲಾಗಲಿಲ್ಲ. ವರ್ಷಕ್ಕೊಮ್ಮೆ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯುವುದು, ತೂಕ ಬರೆಯುವುದು ಇದ್ದೇ ಇತ್ತು. ಆಗಿನ ನಮ್ಮ ಚಿಂತೆಯೇ ಬೇರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಚಡ್ಡಿ ಜಾರದಂತೆ ಉಡಿದಾರಕ್ಕೆ ಸಿಕ್ಕಿಸಿಕೊಂಡು ಬರುವ ಮಕ್ಕಳೇ ಹೆಚ್ಚು. 'ತೂಕ ಕಡಿಮೆ' ಎಂದು ಕೆಂಪು ಶಾಯಿಯಲ್ಲಿ ಬರೆದು ಬರೆದು ಕೈ ಸೋಲುತ್ತಿತ್ತು. 'ತೂಕ ಹೆಚ್ಚು' ಎಂದು ಬರೆದ ನೆನಪೇ ನನಗಿಲ್ಲ.

ಈಗ ಎರಡು ಬಗೆಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. 2016ರಿಂದ 2018ರವರೆಗೆ ನಮ್ಮ ದೇಶದಲ್ಲಿ ಮಕ್ಕಳ ಪೋಷಣೆಯ ಬಗ್ಗೆ ಒಂದು ದೊಡ್ಡ ಸಮೀಕ್ಷೆ ನಡೆಯಿತು. 10ರಿಂದ 19 ವರ್ಷದವರಲ್ಲಿ 100ಕ್ಕೆ ಸುಮಾರು 24 ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದೆ ತೆಳ್ಳಗಿದ್ದರು, 5 ಮಂದಿಯ ತೂಕ ಹೆಚ್ಚಿತ್ತು. 100ಕ್ಕೆ 5 ಮಂದಿಯಲ್ಲಿ ಅಧಿಕ ರಕ್ತದೊತ್ತಡವೂ ಕಂಡಿತು. 'ಹುಡುಗರಿಗೆ ಎಲ್ಲಿ ಬಿಪಿ' ಎನ್ನುವ ಕಾಲ ಮುಗಿಯಿತು.

ತೇರು ಮುಗಿದ ಮೇಲೆ ಮೊಮ್ಮಗನನ್ನು ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ನನ್ನ ಮಿಷನ್ನನ್ನೂ ಚೀಲದಲ್ಲಿಟ್ಟುಕೊಂಡೆ. ವೈದ್ಯರು ಮೊದಲು ಟೇಪು ತೆಗೆದು ಹುಡುಗನ ತೋಳಿನ ಸುತ್ತಳತೆ ನೋಡಿದರು. "ಮೇಷ್ಟ್ರೇ, ನಿಮ್ಮ ಪಟ್ಟಿ ನಿಮ್ಮ ತೋಳಿಗೆ ಸರಿ. ಇವನ ತೋಳಿಗೆ ಸಣ್ಣದಾಗುತ್ತದೆ. ಪಟ್ಟಿ ಸಣ್ಣದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ತೀರಾ ದೊಡ್ಡದಾದರೆ ಕಡಿಮೆ ತೋರಿಸುತ್ತದೆ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಅವರು ಹುಡುಗನನ್ನು ಕುರ್ಚಿಯಲ್ಲಿ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ತಾಗುವಂತೆ ಕೂರಿಸಿದರು. ಐದು ನಿಮಿಷ ಮಾತಿಲ್ಲ. ಬಲಗೈಯನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇಡಿಸಿದರು. ಅವನ ತೋಳಿಗೆ ಒಪ್ಪುವ ಪಟ್ಟಿ ಸುತ್ತಿ ನೋಡಿದರು. 134/84 ಬಂತು. ನನ್ನ ಮಿಷನ್ ಹೇಳಿದಷ್ಟಿಲ್ಲ, ಆದರೆ ಸರಿಯಾಗಿಯೂ ಇಲ್ಲ. "ಒಂದು ದಿನದ ಲೆಕ್ಕ ನಂಬಬಾರದು. ಆಸ್ಪತ್ರೆಗೆ ಬಂದ ಹೆದರಿಕೆಗೂ ಏರುತ್ತದೆ" ಎಂದು ಬೇರೆ ಬೇರೆ ದಿನ ಇನ್ನೂ ಎರಡು ಸಲ ಕರೆಸಿದರು. ಮೂರು ಸಲವೂ ಮೇಲಿನ ಅಂಕಿ 130 ದಾಟಿತ್ತು.

ಮಕ್ಕಳೇ, ಈ ಎರಡು ಅಂಕಿಗಳೆಂದರೆ ಏನು? ಹೃದಯ ಹಿಂಡಿ ರಕ್ತವನ್ನು ಹೊರಗೆ ತಳ್ಳುವಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕಿ. ಎರಡು ಬಡಿತದ ನಡುವೆ ಹೃದಯ ಸಡಿಲವಾದಾಗಿನ ಒತ್ತಡ ಕೆಳಗಿನ ಅಂಕಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುದುರೆಯ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿ, ರಕ್ತ ಎಂಟು ಅಡಿಗೂ ಮೇಲೆ ಏರಿದ್ದನ್ನು ಕಂಡು 1733ರಲ್ಲಿ ಪುಸ್ತಕ ಬರೆದ. ಪುಣ್ಯಕ್ಕೆ ನಮಗೆ ಆ ಪಾಡಿಲ್ಲ. ತೋಳಿಗೆ ಸುತ್ತುವ ಪಟ್ಟಿಯನ್ನು 1896ರಲ್ಲಿ ಇಟಲಿಯ ರೀವಾ ರೊಚ್ಚಿ ತಂದರು. ನಾಳದ ಸದ್ದನ್ನು ಕಿವಿಗೊಟ್ಟು ಕೇಳಿ ಎರಡೂ ಅಂಕಿ ಹಿಡಿಯುವ ಕ್ರಮವನ್ನು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ತೋರಿಸಿದರು.

ಇಂದು ವೈದ್ಯರು 13 ವರ್ಷ ತುಂಬಿದವರಿಗೆ ಇಡುವ ಲೆಕ್ಕ ಸರಳ. 120/80ಕ್ಕಿಂತ ಕೆಳಗಿದ್ದರೆ ಸರಿ. ಕೆಳಗಿನ ಅಂಕಿ 80ರ ಒಳಗೇ ಇದ್ದು ಮೇಲಿನದು 120ರಿಂದ 129 ಇದ್ದರೆ ಎಚ್ಚರಿಕೆಯ ಗಂಟೆ. ಮೇಲಿನದು 130 ಅಥವಾ ಕೆಳಗಿನದು 80 ಮುಟ್ಟಿ, ಮೂರು ಬೇರೆ ಬೇರೆ ದಿನವೂ ಹಾಗೇ ಇದ್ದರೆ ಅದು ಅಧಿಕ ರಕ್ತದೊತ್ತಡ. 13ಕ್ಕಿಂತ ಚಿಕ್ಕವರಿಗೆ ಈ ಅಂಕಿಗಳು ನಡೆಯುವುದಿಲ್ಲ. ವಯಸ್ಸು, ಎತ್ತರ, ಹುಡುಗನೋ ಹುಡುಗಿಯೋ ಎಂಬುದನ್ನು ನೋಡಿ ವೈದ್ಯರು ಪಟ್ಟಿಯಲ್ಲಿ ಹುಡುಕುತ್ತಾರೆ.

ಬಿಪಿ ಆದ ಮೇಲೆ ಮೈ ಅಳತೆ. ಎತ್ತರ 160 ಸೆಂಟಿಮೀಟರ್, ತೂಕ 70 ಕಿಲೋ, ಸೊಂಟದ ಸುತ್ತಳತೆ 88 ಸೆಂಟಿಮೀಟರ್.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ಎತ್ತರವನ್ನು ಮೀಟರಿನಲ್ಲಿ ಬರೆಯಬೇಕು. 1.6 ಗುಣಿಸು 1.6 ಎಂದರೆ 2.56. 70ನ್ನು 2.56ರಿಂದ ಭಾಗಿಸಿದರೆ 27.3. ಈ ಲೆಕ್ಕವನ್ನು ಬೆಲ್ಜಿಯಂನ ಕೆಟಲೆ ಎಂಬ ಗಣಿತಜ್ಞ 1832ರಷ್ಟು ಹಿಂದೆಯೇ ಹಾಕಿದ್ದ. ಬೆಳೆಯುವ ಮಕ್ಕಳಲ್ಲಿ ಈ ಅಂಕಿಯನ್ನು ಒಂಟಿಯಾಗಿ ನೋಡಬಾರದು, ವಯಸ್ಸಿನ ಪಟದಲ್ಲಿಟ್ಟು ನೋಡಬೇಕು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ನಮ್ಮ ಮಕ್ಕಳಿಗೆಂದೇ 5ರಿಂದ 18 ವರ್ಷದವರೆಗಿನ ಪಟಗಳನ್ನು ಕೊಟ್ಟಿದೆ. ಆ ಪಟದಲ್ಲಿ ನನ್ನ ಮೊಮ್ಮಗ ಬೊಜ್ಜಿನ ಗೆರೆಯನ್ನು ದಾಟಿದ್ದ.

"ಆದರೆ ತಕ್ಕಡಿಗೆ ಒಂದು ಗೊತ್ತಾಗುವುದಿಲ್ಲ ಮೇಷ್ಟ್ರೇ" ಎಂದರು ವೈದ್ಯರು. "ಆ ತೂಕ ಎಲುಬಿನದೋ, ಕಸರತ್ತು ಮಾಡಿ ಗಟ್ಟಿಯಾದ ಮಾಂಸಖಂಡದ್ದೋ, ಹೊಟ್ಟೆಯ ಕೊಬ್ಬಿನದೋ? ಅದನ್ನು ಹೇಳುವುದು ಟೇಪು." ಅವರು ಹೇಳಿಕೊಟ್ಟ ಸೂತ್ರ ಮಗ್ಗಿ ಬಾರದವರಿಗೂ ನೆನಪಿರುತ್ತದೆ: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಮೊಮ್ಮಗನ ಎತ್ತರದ ಅರ್ಧ 80. ಸೊಂಟ 88. ಎಂಟು ಸೆಂಟಿಮೀಟರ್ ಹೆಚ್ಚು. ನಮ್ಮ ಮನೆಯ ಉಡಿದಾರ ಅದನ್ನೇ ಹೇಳಿತ್ತು. ನಾವು ಹಿಗ್ಗಿದೆವು, ನಕ್ಕೆವು. ಕೇಳಿಸಿಕೊಳ್ಳಲಿಲ್ಲ.

ಹೊಟ್ಟೆಯ ಕೊಬ್ಬಿಗೂ ಬಿಪಿಗೂ ಏನು ನಂಟು? ಹೊಲದ ಬೋರ್‌ವೆಲ್ ನೆನೆಸಿಕೊಳ್ಳಿ. ಎರಡು ಎಕರೆಗೆಂದು ಕೂರಿಸಿದ ಮೋಟರಿಗೆ ಇನ್ನೆರಡು ಎಕರೆಯ ಪೈಪು ಜೋಡಿಸಿದರೆ ಅದು ತಿಣುಕುತ್ತದೆ. ಮೈ ಹಿಗ್ಗಿದಷ್ಟೂ ಹೃದಯ ಹೆಚ್ಚು ರಕ್ತ ತಳ್ಳಬೇಕು. ಅದಲ್ಲದೆ ಹೊಟ್ಟೆಯ ಒಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಸೇರುವ ಕೊಬ್ಬು ಸುಮ್ಮನೆ ಕೂರುವುದಿಲ್ಲ. ಅದು ರಕ್ತಕ್ಕೆ ಬಿಡುವ ಪದಾರ್ಥಗಳಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ, ಮೈ ಇನ್ನೂ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ. ಆಗ ಮೂತ್ರಪಿಂಡಗಳು ಹೊರಹಾಕಬೇಕಾದ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತವೆ. ಉಪ್ಪು ನಿಂತಲ್ಲಿ ನೀರೂ ನಿಲ್ಲುತ್ತದೆ. ರಕ್ತನಾಳಗಳೂ ಬಿಗಿಯಾಗುತ್ತವೆ. ನೀರು ಹೆಚ್ಚು, ಪೈಪು ಕಿರಿದು. ಒತ್ತಡ ಏರದೆ ಏನಾದೀತು?

ನೋವಿಲ್ಲ, ಜ್ವರವಿಲ್ಲ. ಹುಡುಗ ಚೆನ್ನಾಗಿಯೇ ಉಂಡು ಆಡಿಕೊಂಡಿರುತ್ತಾನೆ. ಅಳೆಯದ ಹೊರತು ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಹಾಗೇ ಬಿಟ್ಟರೆ ಹೃದಯದ ಗೋಡೆ ದಪ್ಪವಾಗುತ್ತದೆ, ಮೂತ್ರಪಿಂಡ ಸವೆಯುತ್ತದೆ. ಚಿಕ್ಕಂದಿನ ಬಿಪಿ ದೊಡ್ಡವರಾದ ಮೇಲೂ ಬೆನ್ನು ಬಿಡದೆ ಬರುವುದು ಹೆಚ್ಚು. ನನಗೆ ಅರವತ್ತರ ಹತ್ತಿರ ಬಂದದ್ದು ಮೊಮ್ಮಗನಿಗೆ ಹದಿನಾಲ್ಕಕ್ಕೇ ಬಂದರೆ, ಅವನು ಅದನ್ನು ಹೊತ್ತು ನಡೆಯಬೇಕಾದ ದಾರಿ ಎಷ್ಟು ಉದ್ದ!

ಮನೆಗೆ ಬಂದು ಎಲ್ಲ ಹೇಳಿದಾಗ ನನ್ನ ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡಳು. "ಹುಟ್ಟಿದಾಗ ಅಂಗೈಯಷ್ಟಿದ್ದ, ಎರಡು ಕಿಲೋ ಮುನ್ನೂರು ಗ್ರಾಂ. ಉಳಿದರೆ ಸಾಕು ಅಂತ ತುಪ್ಪ ಬೆಣ್ಣೆ ಹಾಕಿ ಸಾಕಿದ್ವಿ. ಅದಽ ತಪ್ಪಾತೇನ್ರೀ?"

ಇದಕ್ಕೆ ಉತ್ತರ ಹುಡುಕುವಾಗ ನಮ್ಮ ಮೈಸೂರಿನ ಕಥೆಯೊಂದು ಸಿಕ್ಕಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಎಷ್ಟೋ ದಶಕಗಳ ಮೇಲೆ ಸಂಶೋಧಕರು ಆ ಹಳೆಯ ದಾಖಲೆ ಹಿಡಿದು, ಹಾಗೆ ಹುಟ್ಟಿದ 517 ಮಂದಿಯನ್ನು ಊರಲ್ಲೇ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದ್ದವರ ಪೈಕಿ 100ಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಸುಮಾರು 3.1 ಕಿಲೋಗಿಂತ ಹೆಚ್ಚು ತೂಕದಲ್ಲಿ ಹುಟ್ಟಿದವರಲ್ಲಿ 100ಕ್ಕೆ 3 ಮಂದಿಗೆ ಮಾತ್ರ. ಸಣ್ಣಗೆ ಹುಟ್ಟಿದ ಮಗು ಆಮೇಲೆ ಬೇಗ ಬೇಗ ದಪ್ಪವಾದರೆ ಸಕ್ಕರೆ ಕಾಯಿಲೆಯ ಅಪಾಯವೂ ಹೆಚ್ಚೆಂದು ನಮ್ಮ ದೇಶದ ಬೇರೆ ಅಧ್ಯಯನಗಳು ಹೇಳಿವೆ.

ಇದನ್ನು ಅವಳಿಗೆ ವಿವರಿಸಿ ಹೇಳಿದೆ: "ಮಗು ಉಳೀಲಿ ಅಂತ ಉಣಿಸಿದ್ದು ತಪ್ಪಲ್ಲ. ಹುಡುಗ ಗಟ್ಟಿಯಾದ ಮೇಲೂ ಉಣಿಸೋ ಕೈ ನಿಲ್ಲಲಿಲ್ಲ, ಅಷ್ಟಽ." ಅಜ್ಜಿಯರೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬರ ಕಂಡ ಕೈಗಳು ನಮ್ಮವು. ತಟ್ಟೆ ಖಾಲಿ ಕಂಡರೆ ಬಡಿಸದೆ ಇರಲಾರವು.

ತಪ್ಪು ಬರಿಯ ತುಪ್ಪದ್ದೂ ಅಲ್ಲ. ಒಂದು ಸಂಜೆ ಕಟ್ಟೆಯ ಮೇಲೆ ಕೂತಾಗ ಮೊಮ್ಮಗ ತಾನಾಗಿಯೇ ಬಾಯಿಬಿಟ್ಟ. ಏಳನೇ ತರಗತಿಯವರೆಗೆ ಕಬಡ್ಡಿ ಆಡುತ್ತಿದ್ದನಂತೆ. ಯಾರೋ 'ಡುಮ್ಮ' ಎಂದರಂತೆ, ಎಲ್ಲರೂ ಹಾಗೇ ಕರೆಯತೊಡಗಿದರಂತೆ. ಅಂದಿನಿಂದ ಮೈದಾನಕ್ಕೆ ಇಳಿಯಲಿಲ್ಲ. ಶಾಲೆಗೆ ವ್ಯಾನು, ಸಂಜೆ ಟ್ಯೂಷನ್, ರಾತ್ರಿ ಮೊಬೈಲು. ಬೇಸರವಾದಾಗ ಚಿಪ್ಸು, ತಂಪು ಪಾನೀಯ. "ತೇರಿನ ಹಗ್ಗ ಅಂದ್ಯಲ್ಲ ಅಜ್ಜಾ, ನಾಳಿಂದ ಇಲ್ಲಿಗೂ ಬರೋದು ಬ್ಯಾಡ ಅನ್ನಿಸ್ತು" ಎಂದ. ಮೂವತ್ತು ವರ್ಷಕ್ಕೂ ಮೀರಿ ಮಕ್ಕಳ ನಡುವೆ ಬದುಕಿದ ಮೇಷ್ಟ್ರು ನಾನು. "ತಪ್ಪಾತಪ್ಪಾ" ಎಂದು ಅವನ ಕೈ ಹಿಡಿದುಕೊಂಡೆ. ಗೇಲಿ ಮಾಡಿದರೆ ಮಕ್ಕಳು ತೆಳ್ಳಗಾಗುವುದಿಲ್ಲ, ಕದ್ದು ತಿನ್ನುವುದನ್ನು ಕಲಿಯುತ್ತಾರೆ.

ವೈದ್ಯರು ಮಾತ್ರೆ ಬರೆಯಲಿಲ್ಲ. ಬೇರೆ ಕಾರಣವಿದೆಯೇ ಎಂದು ರಕ್ತ, ಮೂತ್ರ ಪರೀಕ್ಷಿಸಿ, "ಮೊದಲು ಮನೆ ಬದಲಾಗಲಿ, ಆಮೇಲೆ ನೋಡೋಣ" ಎಂದರು. ಅವನೊಬ್ಬನಿಗೆ ಪಥ್ಯ, ಉಳಿದವರಿಗೆ ಮಿರ್ಚಿ ಎಂದರೆ ನಡೆಯುತ್ತದೆಯೇ? ಹಾಗಾಗಿ ಹೊಸಪೇಟೆಯ ಮಗಳ ಮನೆಯಲ್ಲೂ ಇಲ್ಲಿ ನಮ್ಮಲ್ಲೂ ಒಂದೇ ಕಟ್ಟಳೆ ಮಾಡಿಕೊಂಡೆವು. ಪ್ಯಾಕೆಟ್ಟಿನ ತಿಂಡಿ ಮನೆಯೊಳಗೆ ತರುವುದಿಲ್ಲ. ಊಟಕ್ಕೆ ಜೋಳದ ರೊಟ್ಟಿ, ಮೊಳಕೆ ಕಾಳು, ಪುಂಡಿ ಪಲ್ಯ, ಮಜ್ಜಿಗೆ ಇರಲೇಬೇಕು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಹಬ್ಬಕ್ಕೆ ಮಾತ್ರ. ಮಂಡಕ್ಕಿ ಮಿರ್ಚಿ ಬಿಡಿ ಎಂದರೆ ನಮ್ಮ ಕಡೆಯವರು ಊರು ಬಿಟ್ಟಾರು! ಅದನ್ನು ತಿಂಗಳಿಗೊಮ್ಮೆ ಎಂದು ಇಟ್ಟುಕೊಂಡೆವು.

ಉಪ್ಪಿನ ಲೆಕ್ಕವನ್ನು ಹುಡುಗನಿಗೇ ವಹಿಸಿದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದ ಒಳಗೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಪ್ಯಾಕೆಟ್ಟಿನ ಹಿಂದೆ 'ಸೋಡಿಯಂ' ಎಂದು ಬರೆದಿರುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ ಸುಮಾರು 1 ಗ್ರಾಂ ಉಪ್ಪು. ಈ ಲೆಕ್ಕ ಕಲಿತ ಮೇಲೆ ಅವನು ಅಂಗಡಿಯಲ್ಲಿ ಪ್ಯಾಕೆಟ್ಟು ತಿರುಗಿಸಿ ಓದಿ ವಾಪಸ್ಸು ಇಡತೊಡಗಿದ. ನನ್ನ ತಟ್ಟೆಯ ಉಪ್ಪಿನಕಾಯಿಯ ಮೇಲೂ ಅವನ ಕಣ್ಣು ಬಿತ್ತು, ಅದು ಬೇರೆ ಮಾತು.

ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ, ಎಂಟು ಗಂಟೆಗೆ ಕಡಿಮೆಯಿಲ್ಲದ ನಿದ್ದೆ. ವ್ಯಾನು ಬಿಟ್ಟು ಸೈಕಲ್ ಹಿಡಿದ. ಕಬಡ್ಡಿಗೆ ತಿರುಗಿ ಹೋಗಲು ಆರು ತಿಂಗಳು ಬೇಕಾಯಿತು.

ಈಗ ನಿಮಗೆ ಈ ವಾರದ ಕೆಲಸ. ಒಂದು ಉದ್ದನೆಯ ದಾರ ತೆಗೆದುಕೊಳ್ಳಿ. ಮೊಮ್ಮಕ್ಕಳನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ನೆತ್ತಿಯಿಂದ ನೆಲದವರೆಗೆ ದಾರ ಹಿಡಿದು ಕತ್ತರಿಸಿ. ಅದನ್ನು ಸರಿಯಾಗಿ ಅರ್ಧಕ್ಕೆ ಮಡಿಸಿ. ಪಕ್ಕೆಲುಬಿನ ಕೆಳಗಿನ ಅಂಚು ಮತ್ತು ಸೊಂಟದ ಎಲುಬಿನ ಮೇಲಂಚು, ಇವೆರಡರ ನಡುಮಧ್ಯಕ್ಕೆ ಆ ಮಡಿಸಿದ ದಾರ ಸುತ್ತಿ. ಉಡಿದಾರ ಇರುವ ಜಾಗಕ್ಕೆ ಬೇಡ, ಅದು ಹೊಟ್ಟೆಯ ಕೆಳಗೆ ಜಾರಿ ಮೋಸ ಮಾಡುತ್ತದೆ. ಉಸಿರು ಬಿಟ್ಟ ಮೇಲೆ ನೋಡಿ, ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ದಾರದ ತುದಿಗಳು ಆರಾಮಾಗಿ ಕೂಡಿದರೆ ಸಂತೋಷ. ಕೂಡದಿದ್ದರೆ ಹೆದರಬೇಡಿ, ಬೈಯಬೇಡಿ. ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ಬಿಪಿ ನೋಡಿಸಿ. ಸರ್ಕಾರಿ ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಯ ತಂಡ ಬರುತ್ತದೆ, ಅವರನ್ನೂ ಕೇಳಬಹುದು. ದಾರದ ಅಳತೆಯನ್ನು ನಾಲ್ಕು ಜನರ ಮುಂದೆ ಮಾತ್ರ ಮಾಡಬೇಡಿ.

ಇನ್ನೆರಡು ಮಾತು. ದಾರ ಕೂಡದ ಮಕ್ಕಳಿಗೆಲ್ಲ ಬಿಪಿ ಇರುತ್ತದೆ ಎಂದಲ್ಲ, ತೆಳ್ಳಗಿರುವವರಿಗೆ ಬರುವುದೇ ಇಲ್ಲ ಎಂದೂ ಅಲ್ಲ. ಬೆಳೆಯುವ ಮಕ್ಕಳನ್ನು ಉಪವಾಸ ಕೆಡವಬೇಡಿ, ನಿಮ್ಮ ಬಿಪಿ ಮಾತ್ರೆಯನ್ನು ಅವರಿಗೆ ಕೊಡಲೇಬೇಡಿ. ಹದಿಹರೆಯದವರಲ್ಲಿ ಬಿಪಿ ಮತ್ತೆ ಮತ್ತೆ 140/90 ದಾಟಿದರೆ, ಇಲ್ಲವೇ ಬಿಪಿ ಹೆಚ್ಚಿದ್ದು ತಲೆನೋವು, ಕಣ್ಣು ಮಂಜು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಈ ವರ್ಷದ ತೇರಿಗೆ ಮೊಮ್ಮಗ ಬಂದ. ಹರಪನಹಳ್ಳಿ ಕಡೆಯಿಂದ ಬರುವ ಪಾದಯಾತ್ರಿಗಳ ಜೊತೆ ಕೊನೆಯ ಐದಾರು ಕಿಲೋಮೀಟರ್ ನಡೆದೇ ಬಂದ. ಎತ್ತರ 165, ಸೊಂಟ 82. ತೂಕ 69 ಕಿಲೋ, ಇಳಿದದ್ದು ಒಂದೇ ಕಿಲೋ. ಆದರೆ ಎತ್ತರ ಬೆಳೆದದ್ದರಿಂದ ಬಿಎಂಐ 25.3ಕ್ಕೆ ಬಂದಿದೆ. ಬಿಪಿ 122/76. ಎಚ್ಚರಿಕೆಯ ಗಂಟೆ ಇನ್ನೂ ನಿಂತಿಲ್ಲ, ಆರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ ವೈದ್ಯರು. ಅಡುಗೆಮನೆಯ ಬಾಗಿಲು ಹಾಕಿಕೊಂಡು ನಾವು ಮೂವರೇ ದಾರ ಸುತ್ತಿ ನೋಡಿದೆವು. ತುದಿಗೆ ತುದಿ ಮುಟ್ಟಿತು, ಅಷ್ಟೇ. ಅಜ್ಜಿ ಹೊಸ ಉಡಿದಾರ ಕಟ್ಟಿದಳು. ಈ ಸಲ ಓಣಿಗೆ ಕೇಳುವಂತೆ ಏನೂ ಹೇಳಲಿಲ್ಲ.

ಸಂಜೆ ತೇರು ಮುಗಿಸಿ ಬಂದವನು ಅಂಗೈ ಚಾಚಿ ತೋರಿಸಿದ, ಕೆಂಪಗೆ ಉಜ್ಜಿತ್ತು. "ಅಜ್ಜಾ, ನೀ ಅಂದ ಹಗ್ಗ ಹಿಡಿದು ಎಳೆದು ಬಂದೆ ನೋಡು" ಎಂದ.

ಮುಂದಿನ ವಾರ ಮತ್ತೆ ಸಿಗೋಣ. ಅಷ್ಟರೊಳಗೆ ದಾರ ಹುಡುಕಿಟ್ಟುಕೊಳ್ಳಿ. ಅಜ್ಜ-ಅಜ್ಜಿಯರೂ ಸುತ್ತಿಕೊಂಡು ನೋಡಬೇಕು, ತಪ್ಪಿಸಿಕೊಳ್ಳುವಂತಿಲ್ಲ!